ಈಸೂರು, ನಗರ, ಮಡೆನೂರು: ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ

ಕೇಳಿದ್ದು: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಮ್ಮ ಜಿಲ್ಲೆಯಲ್ಲಿ ಸಾವು-ನೋವು, ಅನ್ಯಾಯ ನಡೆದ ಜಾಗಗಳನ್ನು ತೋರಿಸಬೇಕು ಅಂತಿದೆ. ಸುಮ್ನೆ ಫೋಟೋ ತೆಗೆದುಕೊಂಡು ವಾಪಸ್ ಬರುವುದು ಬೇಡ. ಹೋಗಿ ಬಂದವರು ಹೇಳಿ, ಎಲ್ಲಿಗೆ ಹೋಗಲಿ, ಹೇಗೆ ಹೋಗಲಿ?

ಶಿಕಾರಿಪುರದಿಂದ ಒಬ್ಬರು:
ಮೇಡಂ, ಮೊದಲು ನಮ್ಮ ತಾಲ್ಲೂಕಿನ ಈಸೂರಿಗೆ ಬನ್ನಿ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಘೋಷಣೆ ಮಕ್ಕಳಿಗೆ ಗೊತ್ತಿರುತ್ತದೆ. ಅದರ ಹಿಂದೆ ಎಷ್ಟು ಜೀವ ಹೋಯಿತು ಅನ್ನುವುದು ಜಾಸ್ತಿ ಜನರಿಗೆ ಗೊತ್ತಿಲ್ಲ.

1942ರಲ್ಲಿ ಊರಿನವರು ಕಂದಾಯ ಕಟ್ಟುವುದಿಲ್ಲ ಎಂದರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿದರು. ತಮ್ಮದೇ ಸರ್ಕಾರ ಎಂದು ಇಬ್ಬರು ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಮಾಡಿದರು. ನಿಮ್ಮ ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ, ಇಲ್ಲಿಂದಲೇ ಶುರು ಮಾಡಿ. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರರು ಮತ್ತು ಸಬ್ ಇನ್ಸ್‌ಪೆಕ್ಟರ್ ಪೊಲೀಸರ ಜೊತೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು. ಜನರ ಏಟಿಗೆ ಆ ಇಬ್ಬರು ಅಧಿಕಾರಿಗಳೂ ಅಲ್ಲೇ ಸತ್ತರು. ಆಮೇಲೆ ಊರಿನ ಮೇಲೆ ದಾಳಿಯಾಯಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಿದರು: ಕಮ್ಮಾರ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡೆಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಆ ಜೈಲಿದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್.

ನನ್ನ ಒಂದೇ ಬೇಡಿಕೆ: ಐವರ ಹೆಸರನ್ನು ಸ್ಮಾರಕದ ಮುಂದೆ ಗಟ್ಟಿಯಾಗಿ ಓದಿಸಿ, ಆದರೆ ಸತ್ತ ಆ ಇಬ್ಬರು ನೌಕರರನ್ನು ಬಿಡಬೇಡಿ. ಅವರೂ ನಮ್ಮ ಮೈಸೂರು ಸಂಸ್ಥಾನದವರೇ, ಸಂಬಳಕ್ಕೆ ದುಡಿಯುತ್ತಿದ್ದವರು. ಇದನ್ನು ಹೇಳಿದ ಕೂಡಲೇ ‘ಹಾಗಾದ್ರೆ ತಪ್ಪು ಯಾರದು?’ ಅಂತ ಮಕ್ಕಳು ಕೇಳುತ್ತಾರೆ. ಗಡಿಬಿಡಿಯಲ್ಲಿ ಉತ್ತರ ಕೊಡಬೇಡಿ. ಅಲ್ಲೇ ಕೂತು ಮಾತಾಡಲಿ. ಸಾಯಬೇಕಾಗಿ ಬಂದದ್ದು ಯಾಕೆ ಅಂತ ಅವರೇ ಯೋಚನೆ ಮಾಡಲಿ, ಅದಕ್ಕೇ ಅಲ್ವಾ ಅಷ್ಟು ದೂರ ಕರೆತರುವುದು?

ಇನ್ನೊಂದು ಮಾತು. ಸಾವಾದ ಮನೆಗೆ ಹೋದಾಗ ಹೇಗಿರುತ್ತೇವೋ ಹಾಗಿರಬೇಕು. ಆ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಅದೇ ಬೀದಿಯಲ್ಲಿ ಓಡಾಡುತ್ತಾರೆ. ‘ಯಾರು ಹೊಡೆದರು?’ ಅಂತ ಹಿರಿಯರನ್ನು ಕೆದಕುವುದು ಬೇಡ. ಮುಂಚೆಯೇ ಪಂಚಾಯಿತಿಗೆ ಒಂದು ಫೋನ್ ಮಾಡಿ ಬನ್ನಿ.

ಹೊಸನಗರದಿಂದ ಒಬ್ಬರು:
ನಮ್ಮ ಕಡೆ ನಗರದ ಕೋಟೆ ಇದೆ. 1763ರಲ್ಲಿ ಹೈದರಾಲಿ ಇದನ್ನು ಗೆದ್ದ, ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆ ಇಟ್ಟ. ಮೇಲೆ ಹತ್ತಿದ ಮೇಲೆ ಮಕ್ಕಳು ಕೇಳುವುದಿಲ್ಲ, ಗಾಳಿ, ನೋಟ ಅಷ್ಟೇ. ಕತೆಯನ್ನು ಕೆಳಗೆ ಬಾಗಿಲಲ್ಲೇ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ.

ತುಮರಿ ಕಡೆಯವರು:
ನೇಣು, ಯುದ್ಧ ನಡೆಯದ ಒಂದು ಜಾಗವನ್ನೂ ಸೇರಿಸಿಕೊಳ್ಳಿ ಅಕ್ಕ. ಶರಾವತಿ ಹಿನ್ನೀರಿನಲ್ಲಿ ಮಡೆನೂರು ಡ್ಯಾಂ ಇದೆ. 1948ರಲ್ಲಿ ಮುಗಿದ ಡ್ಯಾಂ ಅದು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಬಂದಾಗ ಆ ಹಳೇ ಡ್ಯಾಮೇ ಮುಳುಗಿತು. ಅದರ ಜೊತೆ ಎಷ್ಟು ಊರು, ತೋಟ, ಗುಡಿ! ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೇ ಕಟ್ಟೆ ಮೇಲೆ ಬರುತ್ತದೆ. ಸುತ್ತ ಒಣಗಿ ಕಪ್ಪಾದ ಮರದ ಬೊಡ್ಡೆಗಳು ಕೆಸರಲ್ಲಿ ನಿಂತಿರುತ್ತವೆ. ಒಂದು ಕಾಲದಲ್ಲಿ ಅದು ಕಾಡು. ಇಡೀ ನಾಡಿಗೆ ಕರೆಂಟ್ ಕೊಟ್ಟವರಲ್ಲಿ ಎಷ್ಟೋ ಕುಟುಂಬಗಳು ಜಮೀನಿನ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿವೆ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

ದಡದ ಮಣ್ಣು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹೂಳು, ಕಾಲು ಹೂತುಹೋಗುತ್ತದೆ. ಸ್ಥಳೀಯರಿಲ್ಲದೆ ಇಳಿಯಬೇಡಿ. ಮುಳುಗಡೆಯಾಗಿ ಬಂದ ಹಿರಿಯರು ನಿಮ್ಮ ಶಿವಮೊಗ್ಗ ತಾಲ್ಲೂಕಿನಲ್ಲೇ ಬೇಕಾದಷ್ಟು ಇದ್ದಾರೆ. ಅಂಥವರೊಬ್ಬರು ಬರಲು ಒಪ್ಪಿದರೆ ಬಸ್ಸಿನಲ್ಲಿ ಮುಂದಿನ ಸೀಟು ಅವರಿಗೆ ಕೊಡಿ. ದಾರಿಯುದ್ದಕ್ಕೂ ಅವರೇ ಹೇಳುತ್ತಾರೆ.