ನಮ್ಮ ಗದ್ದೆಯಲ್ಲಿ ಕ್ಷೇತ್ರ ಪಾಠಶಾಲೆ ಮಾಡುತ್ತಾರಂತೆ, ಒಪ್ಪಿಕೊಳ್ಳಲಾ?

ಗದ್ದೆಬದು:

ಎಲ್ಲರಿಗೂ ನಮಸ್ಕಾರ. ನಮ್ಮದು ಹರಿಹರದ ಕಡೆ, ಭದ್ರಾ ನಾಲೆ ನೀರಿನ ಮೂರೂವರೆ ಎಕರೆ ಭತ್ತ. ಮೊನ್ನೆ ರೈತ ಸಂಪರ್ಕ ಕೇಂದ್ರದಿಂದ ಬಂದವರು, ಈ ಸಲ ನಿಮ್ಮೂರಲ್ಲಿ ರೈತರ ಕ್ಷೇತ್ರ ಪಾಠಶಾಲೆ ಮಾಡೋಣ, 30 ಜನ ರೈತರು, ವಾರಕ್ಕೊಂದು ದಿನ, ಒಟ್ಟು 14 ವಾರ, ನಿಮ್ಮ ಗದ್ದೆ ರಸ್ತೆ ಪಕ್ಕದಲ್ಲೇ ಇದೆ, ಒಂದು ಎಕರೆ ಬಿಟ್ಟುಕೊಡಿ ಎಂದು ಕೇಳಿದರು. ಅರ್ಧ ಎಕರೆಯಲ್ಲಿ ನಾವು ಪ್ರತಿ ವರ್ಷ ಮಾಡುವ ಹಾಗೇ ಮಾಡುವುದಂತೆ. ಇನ್ನರ್ಧದಲ್ಲಿ ಗೊಬ್ಬರ ಎಷ್ಟು, ಔಷಧಿ ಹೊಡೆಯಬೇಕಾ ಬೇಡವಾ, ಎಲ್ಲ ಗುಂಪಿನ ತೀರ್ಮಾನವಂತೆ.

ನನಗೆ ಅನುಮಾನ. ಎರಡು ವರ್ಷದ ಹಿಂದೆ ಬೇರೆ ಯಾರೋ ಬಂದು ಸಮುದಾಯ ಭವನದಲ್ಲಿ ಒಂದು ದಿನದ ತರಬೇತಿ ಮಾಡಿದ್ದರು. ಪರದೆ ಮೇಲೆ ಹುಳದ ಚಿತ್ರ, ಒಂದು ಚೀಲ, ಒಂದು ಪೆನ್ನು, ಚಿತ್ರಾನ್ನ, ಕೊನೆಗೆ ಸಹಿ, ಫೋಟೋ. ಏನು ಕಲಿತು ಬಂದೆ ಎಂದು ಮನೆಯಲ್ಲಿ ಕೇಳಿದರೆ ಹೇಳಲು ಏನೂ ಇರಲಿಲ್ಲ. ಇದೂ ಅದೇ ಥರಾನಾ?

ಇನ್ನೊಂದು ಭಯ ಇದೆ. ಹಿಂದೊಮ್ಮೆ ಭತ್ತದ ರಸ ಹೀರುವ ಕಂದು ಜಿಗಿಹುಳು ಬಿದ್ದು ನಮ್ಮ ಎರಡು ಮಡಿ ನೋಡನೋಡುತ್ತಿದ್ದಂತೆ ಸುಟ್ಟ ಹಾಗೆ ಆಗಿತ್ತು. ಅಪ್ಪ ಅದನ್ನು ಇನ್ನೂ ಮರೆತಿಲ್ಲ. ಔಷಧಿ ಬಿಟ್ಟು ಹುಳ ಎಣಿಸುತ್ತಾ ಕೂತರೆ ಹೊಟ್ಟೆ ತುಂಬುತ್ತಾ ಅನ್ನುತ್ತಾರೆ. ಮೇಲಾಗಿ ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಅಂಗಡಿಯಲ್ಲಿ ಉದ್ರಿ ತರುವವರು ನಾವು. ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ನಾಲೆಕೊನೆ:

ಒಪ್ಪಿಕೊಳ್ಳಿ ಅಣ್ಣ. ನಮ್ಮದು ಗಂಗಾವತಿ ಕಡೆ, ನಾನು ಒಂದು ಹಂಗಾಮು ಪೂರ್ತಿ ಕೂತಿದ್ದೇನೆ. ಕೂತಿದ್ದೇನೆ ಅನ್ನೋದು ತಪ್ಪು, ಕೂರಲು ಬಿಡುವುದೇ ಇಲ್ಲ. ಬೆಳಗ್ಗೆ ಏಳಕ್ಕೆ ಗದ್ದೆಗೆ ಇಳಿಯಬೇಕು. ಐದೈದು ಜನರ ಗುಂಪು, ಒಂದೊಂದು ಗುಂಪು ಮೂಲೆಯಿಂದ ಮೂಲೆಗೆ ನಡೆಯುತ್ತಾ ಅಲ್ಲಲ್ಲಿ ಒಂದೊಂದು ಬುಡ ಹಿಡಿದು ನೋಡಬೇಕು. ತೆಂಡೆ, ಅಂದರೆ ಬುಡದಿಂದ ಒಡೆದ ಕವಲು ಎಷ್ಟು, ಎಷ್ಟು ಸುಳಿ ಒಣಗಿದೆ, ಹುಳ ಎಷ್ಟು, ಜೇಡ ಎಷ್ಟು, ನೀರು ಎಷ್ಟಿದೆ, ಎಲ್ಲ ಬರೆದುಕೊಳ್ಳಬೇಕು. ಆಮೇಲೆ ಮರದ ಕೆಳಗೆ ದೊಡ್ಡ ಹಾಳೆ ಹಾಸಿ ಚಿತ್ರ ಬರೆಯುವುದು. ನಡುವೆ ಒಂದು ಭತ್ತದ ಗಿಡ, ಮೇಲೆ ಬಿಸಿಲೋ ಮೋಡವೋ, ಒಂದು ಕಡೆ ಬೆಳೆ ತಿನ್ನುವ ಹುಳ, ಇನ್ನೊಂದು ಕಡೆ ಆ ಹುಳ ತಿನ್ನುವ ಹುಳ. ಕೊನೆಗೆ ಈ ವಾರ ಏನು ಮಾಡಬೇಕು ಅಂತ ಪ್ರತಿ ಗುಂಪೂ ಎದ್ದು ನಿಂತು ಹೇಳಬೇಕು, ಉಳಿದವರು ಜಗ್ಗಾಡಬೇಕು. ನಮ್ಮಲ್ಲಿ ಮೂರನೇ ವಾರ ಯೂರಿಯಾ ವಿಷಯಕ್ಕೆ ಜಗಳವೇ ಆಗಿತ್ತು, ಬಿಡಿಸಲು ಅಧಿಕಾರಿಗಳೇ ಬರಬೇಕಾಯಿತು.

ಮೊದಲ ಎರಡು ವಾರ ನನಗೂ ನಗು ಬರುತ್ತಿತ್ತು, ಈ ವಯಸ್ಸಿನಲ್ಲಿ ಸ್ಕೆಚ್ ಪೆನ್ನು ಹಿಡಿದು ಹುಳದ ಕಾಲು ಬರೆಯುವುದಾ ಅಂತ. ಆದರೆ ಒಂದು ದಿನ ಕುಂಡದಲ್ಲಿ ಭತ್ತದ ಗಿಡ ಇಟ್ಟು, ಸೊಳ್ಳೆ ಪರದೆ ಸುತ್ತಿ, ಒಳಗೆ 20 ಜಿಗಿಹುಳು, ಒಂದು ಜೇಡ ಬಿಟ್ಟೆವು. ಪಕ್ಕದಲ್ಲಿ ಜೇಡ ಇಲ್ಲದ ಇನ್ನೊಂದು ಕುಂಡ. ಮೂರು ದಿನ ಬಿಟ್ಟು ನೋಡಿದರೆ ಜೇಡದ ಕುಂಡದಲ್ಲಿ ಎರಡೇ ಹುಳ ಉಳಿದಿದ್ದವು. ನಮ್ಮ ಗುಂಪಿನ ಹಿರಿಯರೊಬ್ಬರು ಪರದೆ ಎತ್ತಿ, ಇಷ್ಟು ದಿನ ಇದನ್ನೇ ಕೊಂದಿದ್ದೆವಲ್ಲೋ ಅಂದರು. ಯಾರೂ ಮಾತಾಡಲಿಲ್ಲ. ಸಮುದಾಯ ಭವನದಲ್ಲಿ ನೂರು ಸಲ ಹೇಳಿದ್ದರೂ ಅವರ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಇನ್ನೊಂದು. ಜಿಗಿಹುಳು ಇರುವುದು ಬುಡದಲ್ಲಿ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ. ನಾವು ಹೊಡೆಯುತ್ತಿದ್ದುದು ಗರಿಯ ಮೇಲೆ!

ನಿವೃತ್ತ ಮೇಷ್ಟ್ರು:

ನಾನು ಶಾಲೆ ಮೇಷ್ಟ್ರಲ್ಲ, ಕೃಷಿ ವಿಸ್ತರಣೆಯಲ್ಲಿ ಇದ್ದು ನಿವೃತ್ತನಾದವನು, ಊರವರು ಹಾಗೆ ಕರೆಯುತ್ತಾರೆ ಅಷ್ಟೇ. ಈ ಪಾಠಶಾಲೆ ಹುಟ್ಟಿದ್ದೇ ನಿಮ್ಮ ಅಪ್ಪನವರು ಹೆದರುತ್ತಿರುವ ಅದೇ ಜಿಗಿಹುಳುವಿನಿಂದ. ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು. ಅಲ್ಲಿ ಸರ್ಕಾರವೇ ಸಬ್ಸಿಡಿ ಕೊಟ್ಟು ಕೀಟನಾಶಕ ಹೊಡೆಸುತ್ತಿತ್ತು. ಅದರ ಬೆನ್ನಲ್ಲೇ ಜಾವಾದಲ್ಲಿ ಜಿಗಿಹುಳು ಎದ್ದಿತು. ಹೊಡೆದಷ್ಟೂ ಜಾಸ್ತಿ ಆಯಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಆದರೆ ಔಷಧಿ ಬೇಡ ಎಂದು ಆದೇಶ ಹೊರಡಿಸಿದರೆ ರೈತ ಸುಮ್ನೆ ಕೈಕಟ್ಟಿ ಕೂರುತ್ತಾನಾ? ಗದ್ದೆ ನೋಡಿ ತಾನೇ ತೀರ್ಮಾನ ಮಾಡುವುದನ್ನು ಕಲಿಯಬೇಕಿತ್ತು. ಹಾಗಾಗಿ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ ಜಾವಾದಲ್ಲೇ ಮೊದಲ ಕ್ಷೇತ್ರ ಪಾಠಶಾಲೆಗಳು ಶುರುವಾದವು.

ಹೊಡೆದಷ್ಟೂ ಜಾಸ್ತಿ ಆಗುವುದು ಹೇಗೆ ಎಂದು ಕೇಳಬಹುದು. ಜಿಗಿಹುಳು ಮೊಟ್ಟೆ ಇಡುವುದು ಕಾಂಡಕ್ಕೆ ಸುತ್ತಿಕೊಂಡಿರುವ ಎಲೆಕವಚದ ಒಳಗೆ. ಔಷಧಿ ಸಾಮಾನ್ಯವಾಗಿ ಅಲ್ಲಿಗೆ ತಲುಪುವುದಿಲ್ಲ. ಹೊರಗೆ ಓಡಾಡುವ ಜೇಡ, ಮೊಟ್ಟೆ ಹೀರುವ ಹಸಿರು ಮಿರಿಡ್ ತಿಗಣೆ ಸಾಯುತ್ತವೆ. ವಾರ ಕಳೆದು ಮೊಟ್ಟೆ ಒಡೆದಾಗ ಮರಿಗಳನ್ನು ತಿನ್ನಲು ಗದ್ದೆಯಲ್ಲಿ ಯಾರೂ ಇರುವುದಿಲ್ಲ. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನು ಭತ್ತಕ್ಕೆ ಹೊಡೆಯಬೇಡಿ ಎನ್ನುವುದು ಇದಕ್ಕೇ. ನಿಮ್ಮ ಎರಡು ಮಡಿ ಸುಟ್ಟ ವರ್ಷ ಅದಕ್ಕೆ ಮೊದಲು ಏನು ಹೊಡೆದಿದ್ದಿರಿ, ಯೂರಿಯಾ ಎಷ್ಟು ಸುರಿದಿದ್ದಿರಿ, ಒಮ್ಮೆ ನೆನಪು ಮಾಡಿಕೊಳ್ಳಿ.

ಪಾಠಶಾಲೆ ಎಂದರೆ ಔಷಧಿಯೇ ಬೇಡ ಎಂದಲ್ಲ. ಬುಡಕ್ಕೆ 10-15 ಜಿಗಿಹುಳು ದಾಟಿದವು, ಜೇಡಗಳು ಕಡಿಮೆ ಇವೆ ಎಂದರೆ ಹೊಡೆಯಲೇಬೇಕು, ಆಗ ಗುಂಪೇ ಹಾಗೆ ತೀರ್ಮಾನ ಮಾಡುತ್ತದೆ. ಅದಕ್ಕೂ ಮೊದಲು ಮೂರು-ನಾಲ್ಕು ದಿನ ನೀರು ಬಸಿದು ನೋಡಬೇಕು. ನಾಟಿ ಮಾಡುವಾಗಲೇ ಸುಮಾರು 8 ಅಡಿಗೊಂದು, ಒಂದಡಿ ಅಗಲದ ಓಣಿ ಬಿಟ್ಟರೆ ಗಾಳಿ ಬೆಳಕು ಬುಡಕ್ಕೆ ಬರುತ್ತದೆ, ಔಷಧಿ ಹೊಡೆಯುವಾಗ ಓಡಾಡಲೂ ಆಗುತ್ತದೆ.

ಒಂದು ಪ್ರಯೋಗ ಮಾತ್ರ ಬಿಡಬೇಡಿ. ನಾಟಿಯಾದ ಮೂರು-ನಾಲ್ಕು ವಾರಕ್ಕೆ ಒಂದು ಸಣ್ಣ ತಾಕಿನಲ್ಲಿ ಕತ್ತರಿ ಹಿಡಿದು ಎಲೆಗಳನ್ನು ಕಾಲು ಭಾಗ, ಇನ್ನೊಂದರಲ್ಲಿ ಅರ್ಧ ಭಾಗ ಕತ್ತರಿಸಿ ಬಿಡುವುದು. ಎಲೆ ಸುರುಳಿ ಹುಳು ತಿಂದ ಲೆಕ್ಕ ಅದು. ಕೊಯ್ಲಿನಲ್ಲಿ ಆ ತಾಕುಗಳನ್ನು ಬೇರೆ ಬೇರೆ ತೂಗಿ. ಎಳೆ ಪೈರು ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ತಕ್ಕಡಿಯೇ ಹೇಳುತ್ತದೆ. ಆ ದಿನ ಅಪ್ಪನವರನ್ನೂ ಕರೆದುಕೊಂಡು ಹೋಗಿ.

ಹೆಸರಿಗೆ ಮಾಡುವ ಪಾಠಶಾಲೆಗಳನ್ನೂ ಕಂಡಿದ್ದೇನೆ. 14 ವಾರದ್ದನ್ನು ನಾಲ್ಕು ಸಲಕ್ಕೆ ಮುಗಿಸಿ ಬ್ಯಾನರ್ ಕಟ್ಟಿ ಫೋಟೋ ತೆಗೆದದ್ದೂ ಇದೆ. ಬಂದವರು ಎರಡನೇ ವಾರವೂ ಮೈಕ್ ಹಿಡಿದು ಭಾಷಣ ಮಾಡುತ್ತಿದ್ದರೆ ನೀವೇ ಎದ್ದು, ಸಾರ್ ಗದ್ದೆಗೆ ಇಳಿಯೋಣ ಬನ್ನಿ ಅನ್ನಿ.

ಕರಿಮಣ್ಣು:

ಓದಲು ಎಲ್ಲ ಚೆನ್ನಾಗಿದೆ. ನಾನು ಸ್ವಲ್ಪ ಕಹಿ ಹೇಳುತ್ತೇನೆ. ನಮ್ಮದು ರಾಯಚೂರು ಕಡೆ ಹತ್ತಿ. ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು, ಸತತ ಮೂರು ರಾತ್ರಿ, ರಾತ್ರಿಗೆ ಬಲೆಯೊಂದಕ್ಕೆ 8 ಪತಂಗ ಬಿದ್ದರೆ ಎಚ್ಚರ ಆಗುವುದು, 20 ಹಸಿ ಕಾಯಿ ಕಿತ್ತು ಒಡೆದು ಎರಡರಲ್ಲಿ ಗುಲಾಬಿ ಹುಳ ಕಂಡರೆ ಮಾತ್ರ ಔಷಧಿ ಹೊಡೆಯುವುದು, ಎಲ್ಲ ಕಲಿತೆ. ಸುಳ್ಳಲ್ಲ, ಕಾಯಿ ಒಡೆದು ನೋಡುವ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಹೊರಗಿಂದ ನೋಡಿದರೆ ಕಾಯಿ ಚೆನ್ನಾಗೇ ಇರುತ್ತದೆ, ಒಳಗೆ ಹುಳ ಕೂತಿರುತ್ತದೆ.

ಆದರೆ ಉದ್ರಿ ವಿಷಯವನ್ನು ಮೇಲೆ ಯಾರೂ ಮುಟ್ಟಲೇ ಇಲ್ಲ. ಅಂಗಡಿಯವರು ಸಾಲ ಕೊಡುವುದು ನಮ್ಮ ಮುಖ ನೋಡಿ ಅಲ್ಲ, ಔಷಧಿ ಮಾರಾಟ ಆಗಲಿ ಅಂತ. ಈ ಸಲ ಎರಡೇ ಸಲ ಹೊಡೆದೆ ಅಂದಾಗ ಅಂಗಡಿಯವರೊಬ್ಬರು ಮುಂದಿನ ಹಂಗಾಮಿಗೆ ಗೊಬ್ಬರ ಕೊಡಲು ಸತಾಯಿಸಿದರು. ಹೊಲದಲ್ಲಿ ಹುಳ ಎಣಿಸಲು ಕಲಿಸುತ್ತಾರೆ, ಸಾಲ ಕೊಟ್ಟವನ ಎದುರು ಹೇಗೆ ನಿಲ್ಲಬೇಕು ಅಂತ ಯಾರು ಕಲಿಸುತ್ತಾರೆ? ಮತ್ತೆ ಪಕ್ಕದ ಹೊಲದವನು ವಾರ ವಾರ ಹೊಡೆಯುತ್ತಿದ್ದರೆ ನನ್ನ ಹೊಲದ ಜೇಡ ಎಷ್ಟು ದಿನ ಬದುಕುತ್ತದೆ?

ನಾಲೆಕೊನೆ:

@ಕರಿಮಣ್ಣು ಅಣ್ಣ, ನಿಮ್ಮ ಮಾತು ನಿಜ. ಉದ್ರಿಗೆ ನಮ್ಮಲ್ಲಿ ಪೂರ್ತಿ ಪರಿಹಾರ ಸಿಗಲಿಲ್ಲ. ಗುಂಪಿನ ಹನ್ನೊಂದು ಜನ ಗೊಬ್ಬರವನ್ನು ಮಾತ್ರ ಸೊಸೈಟಿಯಿಂದ ನಗದು ಕೊಟ್ಟು ತರಲು ಶುರು ಮಾಡಿದೆವು, ಉಳಿದವರಿಗೆ ಅದೂ ಆಗಲಿಲ್ಲ. ಪಕ್ಕದ ಗದ್ದೆ ವಿಷಯಕ್ಕೆ ಒಂದು ಉಪಾಯ ಇದೆ. 30 ಜನರನ್ನು ಓಣಿ ಲೆಕ್ಕ, ಪಾರ್ಟಿ ಲೆಕ್ಕದಲ್ಲಿ ಆರಿಸಬಾರದು. ಒಂದೇ ತೂಬಿನ ನೀರಿನವರನ್ನು ಆರಿಸಬೇಕು. ಗದ್ದೆಗೆ ಗದ್ದೆ ತಾಗಿಕೊಂಡಿರುತ್ತದೆ, ನೀರು ಬಸಿಯುವುದಕ್ಕೂ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ನಾವು ಇದನ್ನು ತಡವಾಗಿ ಕಲಿತೆವು.

ಮಂಡ್ಯದ ಸೊಸೆ:

ಇಷ್ಟು ಜನ ಬರೆದಿರಿ, ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ ಅಲ್ವಾ. ನಾಟಿ ನಮ್ಮದು, ಕಳೆ ನಮ್ಮದು. ಸುಳಿ ಒಣಗಿದ್ದು ಮೊದಲು ಕಾಣುವುದು ಕಳೆ ಕೀಳುವವರಿಗೆ. ಎಳೆದರೆ ಕೈಗೇ ಬರುತ್ತದಲ್ಲ, ಒಳಗೆ ಕಾಂಡ ಕೊರೆಯುವ ಹುಳ ಇರುವ ಸುಳಿ. ನಮ್ಮೂರಲ್ಲಿ ಪಾಠಶಾಲೆ ನಡೆದಾಗ ಬೆಳಗ್ಗೆ ಏಳಕ್ಕೆ ಇಟ್ಟರು. ಆ ಹೊತ್ತಿಗೆ ಡೇರಿಗೆ ಹಾಲು ಹಾಕಬೇಕು, ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು. ಪಟ್ಟಿಯಲ್ಲಿ ಹೆಂಗಸರ ಹೆಸರು ಎಂಟು ಇತ್ತು, ಬರುತ್ತಿದ್ದವರು ಇಬ್ಬರು. ಆಮೇಲೆ ನಾವೇ ಹೋಗಿ ಕೇಳಿ ಒಂಬತ್ತೂವರೆಗೆ ಮಾಡಿಸಿಕೊಂಡೆವು. ಬಿಸಿಲೇರಿದರೆ ಹುಳ ಸರಿಯಾಗಿ ಕಾಣುವುದಿಲ್ಲ ಅಂತ ಗಂಡಸರು ಗೊಣಗಿದರು, ಗೊಣಗಲಿ.

ಕೊನೆಯಲ್ಲಿ ಪರೀಕ್ಷೆ ಇತ್ತು. ಹೆದರಬೇಡಿ, ಬರೆಯುವ ಪರೀಕ್ಷೆ ಅಲ್ಲ. ಬದುವಿನ ಉದ್ದಕ್ಕೂ ಕೋಲು ನೆಟ್ಟು, ನಿಜವಾದ ಹುಳ, ರೋಗ ಬಂದ ಎಲೆ ಕಟ್ಟಿರುತ್ತಾರೆ, ಕೆಳಗೆ ಮೂರು ಡಬ್ಬಿ. ಸರಿ ಅನ್ನಿಸಿದ ಡಬ್ಬಿಗೆ ಚೀಟಿ ಹಾಕಬೇಕು. ನಮ್ಮತ್ತೆಗೆ ಓದು ಬರೋದಿಲ್ಲ, ನನಗಿಂತ ಮೂರು ಜಾಸ್ತಿ ಸರಿ ಹಾಕಿದರು! ಇವತ್ತಿಗೂ ಅದನ್ನು ಹೇಳಿಕೊಳ್ಳುತ್ತಾರೆ.

ಗದ್ದೆಬದು:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನೀವು ಹೇಳಿದ ಮೇಲೆ ಅಪ್ಪನ ಹತ್ತಿರ ಕೂತು ನೆನಪು ಮಾಡಿಕೊಂಡೆವು. ಆ ವರ್ಷ ನಾಟಿಯಾದ 20 ದಿನಕ್ಕೇ ಎಲೆ ಸುರುಳಿ ಹುಳು ಅಂತ ಒಂದು ಸಲ, ಆಮೇಲೆ ಹತ್ತು ದಿನ ಬಿಟ್ಟು ಇನ್ನೊಂದು ಸಲ ಹೊಡೆದಿದ್ದೆವು. ಯೂರಿಯಾ ಲೆಕ್ಕ ಹೇಳಿದರೆ ನೀವು ಬೈಯುತ್ತೀರಿ, ಬೇಡ. ಅಪ್ಪ ಏನೂ ಹೇಳಲಿಲ್ಲ, ಆದರೆ ಒಂದೆಕರೆ ಬೇಡ, ರಸ್ತೆ ಪಕ್ಕದ ಅರ್ಧ ಎಕರೆ ಕೊಡು, ಎರಡು ಥರವನ್ನೂ ಅದರಲ್ಲೇ ಮಾಡಿಕೊಳ್ಳಲಿ ಅಂದಿದ್ದಾರೆ. ನಾಳೆ ಹೋಗಿ ನಮ್ಮ ತೂಬಿನವರ ಪಟ್ಟಿ ಕೊಡುತ್ತೇನೆ. ಅಕ್ಕ, ನಮ್ಮ ಮನೆಯವಳ ಹೆಸರನ್ನೂ ಸೇರಿಸುತ್ತಿದ್ದೇನೆ, ಹೊತ್ತು ಯಾವುದು ಅಂತ ಹೆಂಗಸರನ್ನೇ ಕೇಳಿ ಇಡುತ್ತೇವೆ.

ಒಂದು ಸಣ್ಣ ಪ್ರಶ್ನೆ. ಆ ಕುಂಡದ ಪ್ರಯೋಗಕ್ಕೆ ಮನೆಯಲ್ಲಿರುವ ಹಳೆಯ ಸೊಳ್ಳೆ ಪರದೆ ನಡೆಯುತ್ತಾ?

ನಾಲೆಕೊನೆ:

ನಡೆಯುತ್ತದೆ, ಔಷಧಿ ಹಚ್ಚಿದ ಪರದೆ ಆಗಿರಬಾರದು ಅಷ್ಟೇ. ತೂತು ಇದ್ದರೆ ಹೊಲಿದುಬಿಡಿ. ಮತ್ತೆ ಒಂದು ಕುಂಡಕ್ಕೆ ಎರಡು ಜೇಡ ಬಿಡಬೇಡಿ, ಹುಳ ಬಿಟ್ಟು ಒಂದನ್ನೊಂದು ತಿಂದುಬಿಡುತ್ತವೆ. ನಮ್ಮದು ಮೊದಲನೇ ಸಲ ಹಾಗೇ ಆಗಿತ್ತು.