ಫಾರ್ಮ್ಯಾಟ್‌ಗೆ ಕೊಡಬೇಡ ಪುಟ್ಟಿ

ಪುಟ್ಟಿ, ಕಂಪ್ಯೂಟರ್ ದಿನಕ್ಕೆ ಮೂರು ಬಾರಿ ನೀಲಿ ಪರದೆ ತೋರಿಸಿ ತಾನಾಗಿಯೇ ಆಫ್ ಆಗುತ್ತಿದೆ, ಅಂಗಡಿಯವರು ಒಳಗಿರುವುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡೋಣ ಎನ್ನುತ್ತಿದ್ದಾರೆ, ಕೊಡಲೇ ಎಂದು ನಮ್ಮ ಮನೆಯವರ ಗುಂಪಿನಲ್ಲಿ ಕೇಳಿದ್ದೀಯಲ್ಲ, ಈಗಷ್ಟೇ ನೋಡಿದೆ. ಕೊಡಬೇಡ. ಒಳಗಿರುವುದನ್ನು ಬೇರೆಡೆ ನಕಲು ಮಾಡಿಕೊಳ್ಳದೆ ಯಾರ ಕೈಗೂ ಕೊಡಬೇಡ.

ಬಸವನಗುಡಿ ಮನೆಯಲ್ಲಿ ನಮಗೂ ಇದೇ ಆಯಿತು. ದೊಡ್ಡಪ್ಪ ಪಿಂಚಣಿಯ ಅರ್ಜಿ ಟೈಪ್ ಮಾಡುತ್ತಿರುವಾಗಲೇ ಪರದೆ ನೀಲಿಯಾಗುತ್ತಿತ್ತು. ರಿಪೇರಿಗೆ ಬಂದ ಹುಡುಗ ವೈರಸ್ ಎಂದ, ಫಾರ್ಮ್ಯಾಟ್ ಮಾಡಿ ಆರುನೂರು ರೂಪಾಯಿ ತೆಗೆದುಕೊಂಡು ಹೋದ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಅದೇ ನೀಲಿ. ಅಜ್ಜನ ಸಹಸ್ರ ಚಂದ್ರ ದರ್ಶನ ಶಾಂತಿಯ ಫೋಟೋಗಳು ಮಾತ್ರ ಹೋಗಿಬಿಟ್ಟಿದ್ದವು. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೂ ಫಾರ್ಮ್ಯಾಟ್‌ನಲ್ಲಿ ಅಳಿಸಿಹೋಗುವ ಸಿ ಡ್ರೈವ್‌ನಲ್ಲೇ ಇರುತ್ತದೆಂದು ನಮಗೆ ಯಾರು ಹೇಳಿದ್ದರು? ಆಮೇಲೆ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿನ ಹಿರಿಯರೊಬ್ಬರು ರ‍್ಯಾಮ್ ಎಂಬ ಮೆಮೊರಿ ಪಟ್ಟಿಗಳನ್ನು ಕಿತ್ತು, ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದರು. ರಬ್ಬರು ಕಪ್ಪಾಯಿತು. ಒಂದೊಂದನ್ನೇ ಹಾಕಿ ನೋಡಿದಾಗ ಎರಡರಲ್ಲಿ ಒಂದು ಕೆಟ್ಟಿತ್ತು, ಅಷ್ಟೇ. ಅದಕ್ಕೆ ಫಾರ್ಮ್ಯಾಟ್ ಏಕೆ ಬೇಕಿತ್ತು?

ಜರಡಿಯಿಂದ ಕಲಶದ ನೀರು ತಲೆಯ ಮೇಲೆ ಬೀಳುವಾಗ ಅಜ್ಜಿ ಕಣ್ಣು ಮುಚ್ಚಿಕೊಂಡು ನಗುತ್ತಿದ್ದ ಫೋಟೋ ಒಂದಿತ್ತು. ಅಂದು ನಾಲ್ಕು ಮಂದಿ ಕ್ಯಾಮೆರಾ ಹಿಡಿದು ಓಡಾಡಿದ್ದೀರಿ, ಒಬ್ಬೊಬ್ಬರನ್ನೂ ಕೇಳಿದ್ದೇನೆ. ಮಲ್ಲೇಶ್ವರದವರು ಹುಡುಕಿ ಕಳುಹಿಸುತ್ತೇವೆ ಎಂದು ಎಷ್ಟು ಯುಗಾದಿ ಆಯಿತು? ಈ ಗುಂಪಿನಲ್ಲಿ ದಿನ ಬೆಳಗಾದರೆ ಹೂವಿನ ಚಿತ್ರ ಬರುತ್ತದೆ, ಅಜ್ಜಿಯ ಒಂದು ಫೋಟೋ ಬರುವುದಿಲ್ಲ. ನನಗೆ ಬಹಳ ನೋವಾಗಿದೆ, ಹೇಳಿಬಿಡುತ್ತೇನೆ.

ಅದಕ್ಕೇ ಪುಟ್ಟಿ, ಮತ್ತೆ ಹೇಳುತ್ತೇನೆ, ನಕಲು ಮಾಡಿಕೊಳ್ಳದೆ ಫಾರ್ಮ್ಯಾಟ್‌ಗೆ ಕೊಡಬೇಡ.

ಹಾಂ, ನೀನು ಮಾಡಬೇಕಾದ್ದು. ನೀಲಿ ಪರದೆಯ ಕೆಳಗೆ ಸ್ಟಾಪ್ ಕೋಡ್ ಎಂದು ಬರುತ್ತದೆ, ಏನು ಕೆಟ್ಟಿದೆ ಎಂಬುದರ ಸುಳಿವು ಅದು, ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡು. ಮೊದಲು ಫೋಟೋ, ಮಗುವಿನ ಶಾಲೆಯ ಕಾಗದಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕು, ಒಟ್ಟಿಗೆ ಹಾಕಿದರೆ ನಡುವೆ ಆಫ್ ಆದೀತು. ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಎಂದು ಹುಡುಕಿ ಓಡಿಸು, ಅದು ರ‍್ಯಾಮ್ ಪರೀಕ್ಷೆ, ವಿಂಡೋಸ್‌ನಲ್ಲೇ ಇದೆ. ಫ್ಯಾನಿನಲ್ಲಿ ಧೂಳು ಕಟ್ಟಿ ಬಿಸಿಯಾದರೂ ಹೀಗಾಗುತ್ತದೆ, ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ತೆಗೆಯಬೇಕು. ಹಾರ್ಡ್ ಡಿಸ್ಕ್ ನಮ್ಮಲ್ಲಿದೆ, ನಾಳೆ ಬೆಳಗ್ಗೆ ದೊಡ್ಡಪ್ಪನ ಕೈಯಲ್ಲಿ ಕಳುಹಿಸುತ್ತೇನೆ. ಅಲ್ಲಿಯವರೆಗೆ ಆನ್ ಮಾಡಬೇಡ.