ಸ್ಕ್ರೂ ಎಲ್ಲಾ ಬಿಗೀನೇ ಇದೆ, ಆದ್ರೂ .30-06 ಎರಡೆರಡು ಕಡೆ ಹೊಡೀತಿದೆ (ಪರಿಹಾರ ಸಿಕ್ಕಿದೆ)

ಹಳೇಮರ:
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ತಲೆ ಕೆಟ್ಟುಹೋಗಿದೆ, ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ರೈಫಲ್ .30-06 (ತೋಟಾದ ಅಳತೆ), ಬೋಲ್ಟ್ ಆಕ್ಷನ್, ಅಂದ್ರೆ ಪ್ರತಿ ಸಲ ಕೈಯಲ್ಲೇ ಬೋಲ್ಟ್ ಎಳೆದು ತೋಟಾ ತುಂಬೋದು. ಮರದ ಸ್ಟಾಕ್ (ಹಿಡಿಯೋ ಮೈ), ಬೇಟೆ ರೈಫಲ್‌ಗೆ ಇರೋ ಹಾಗೆ ತೆಳು ಬ್ಯಾರೆಲ್, ಕೆಳಗಡೆ ತೆರೆಯೋ ಮುಚ್ಚಳದ ಮ್ಯಾಗಜೀನ್ (ತೋಟಾ ಇಡೋ ಪೆಟ್ಟಿಗೆ). ಅಪ್ಪನ ಕೈಯಲ್ಲಿ ಇದ್ದದ್ದು. ನೂರು ಮೀಟರಿಗೆ ಐದು ಗುಂಡು 40 ಮಿ.ಮೀ. ಒಳಗೆ ಕೂರ್ತಿತ್ತು, ಅದೂ ನನ್ನಂಥವನ ಕೈಲಿ. ಈಗ 110 ಮಿ.ಮೀ. ಬರ್ತಿದೆ.

ಚೆಲ್ಲಾಪಿಲ್ಲಿ ಆಗಿದ್ರೆ ಬ್ಯಾರೆಲ್ ಸವೆದಿದೆ ಅಂದ್ಕೊಂಡು ಸುಮ್ಮನಾಗ್ತಿದ್ದೆ. ಹಾಗಿಲ್ಲ. ಎರಡು ಗುಂಡು ಕೆಳಗೆ ಎಡಕ್ಕೆ ಒಂದಕ್ಕೊಂದು ಅಂಟಿಕೊಂಡ ಹಾಗೆ, ಮೂರು ಮೇಲೆ ಬಲಕ್ಕೆ ಹಾಗೇ ಅಂಟಿಕೊಂಡು. ಮಧ್ಯೆ 80 ಮಿ.ಮೀ. ಖಾಲಿ. ಯಾವುದು ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ.

ಇಲ್ಲಿವರೆಗೆ ಮಾಡಿದ್ದು: ಸ್ಕೋಪ್ ರಿಂಗ್, ಬೇಸ್ ಎರಡೂ ಬಿಚ್ಚಿ, ಎಣ್ಣೆ ಒರೆಸಿ, ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ಮತ್ತೆ ಕೂರಿಸಿದೆ. ಸರಿಹೋಗಲಿಲ್ಲ. ಹೊಸ ಸ್ಕೋಪೇ ಕೊಂಡೆ (ಹೌದು, ಕೇಳೋಕೆ ಮುಂಚೆ ಕೊಂಡೆ, ಬೈಬೇಡಿ). ಸರಿಹೋಗಲಿಲ್ಲ. ಬ್ಯಾರೆಲ್ ಚೆನ್ನಾಗಿ ತೊಳೆದೆ. ಆಕ್ಷನ್ (ಬೋಲ್ಟ್ ಓಡಾಡೋ ಲೋಹದ ಭಾಗ) ಸ್ಟಾಕಿಗೆ ಹಿಡಿದಿಡೋ ಸ್ಕ್ರೂ ಎರಡೂ 5 ನ್ಯೂಟನ್ ಮೀಟರಿಗೆ ಬಿಗಿ ಇದೆ, ಕಂಪನಿ ಪುಸ್ತಕದಲ್ಲಿ ಬರೆದಿರೋದೂ ಅಷ್ಟೇ. ಇನ್ನೇನು ಬಾಕಿ?

ಬಿರುಗಾಳಿ:
180 ಗ್ರೇನ್ ತೂಕದ ಗುಂಡು ಹಾಕ್ತಿದ್ರೆ 150ಕ್ಕೆ ಇಳೀರಿ. ಭಾರದ ಗುಂಡಿಗೆ ಬ್ಯಾರೆಲ್ ಒಳಗಡೆ ಗುಂಡನ್ನು ತಿರುಗಿಸೋ ಸುರುಳಿ ಸಾಕಾಗಲ್ಲ.

ಹಳೇಮರ:
150, 165, 180 ಮೂರೂ ಹೊಡೆದೆ ಸರ್. ಮೂರೂ ಎರಡೆರಡು ಕಡೆ.

ಅರದಪುಡಿ:
ಬಿರುಗಾಳಿಯವರೇ, .30-06ಗೆ 10 ಇಂಚಿಗೆ ಒಂದು ಸುತ್ತು ಅನ್ನೋದು 1906ರಿಂದ ಬಂದ ಲೆಕ್ಕ, ಅದರಲ್ಲಿ 180 ಗ್ರೇನ್ ಆರಾಮಾಗಿ ಹೋಗುತ್ತೆ. ಸುರುಳಿ ಸಾಲದೇ ಗುಂಡು ತೂರಾಡಿದ್ರೆ ಕಾಗದದ ತೂತು ದುಂಡಗಿರಲ್ಲ, ಉದ್ದುದ್ದ ಆಗುತ್ತೆ. ಹಳೇಮರ ಅವರೇ, ತೂತು ದುಂಡಗಿದೆಯಾ?

ಹಳೇಮರ:
ಪಂಚ್ ಮಾಡಿದ ಹಾಗೆ ದುಂಡಗಿದೆ.

ಅರದಪುಡಿ:
ಹಾಗಾದ್ರೆ ಗುಂಡಿನ ತೂಕದ ವಿಷಯ ಬಿಡಿ. ಬ್ಯಾರೆಲ್ ಬಾಯಿ ನೋಡಿ. ಕಿವಿಗೆ ಹಾಕೋ ಹತ್ತಿಕಡ್ಡಿನ ಬ್ಯಾರೆಲ್ ಬಾಯೊಳಗೆ ಸ್ವಲ್ಪ ತೂರಿಸಿ, ಅಂಚಿನ ಸುತ್ತ ಆಡಿಸ್ತಾ ಹೊರಗೆ ಎಳೀರಿ. ಎಲ್ಲಾದ್ರೂ ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಚಿಪ್ಪೆದ್ದಿದೆ ಅಂತ ಅರ್ಥ. ಹಳೇ ರೈಫಲ್‌ಗಳಲ್ಲಿ ಬಾಯಿಂದಲೇ ಕಬ್ಬಿಣದ ಕಡ್ಡಿ ಹಾಕಿ ತೊಳೆದು ತೊಳೆದು ಅಂಚು ಸವೆಸಿರ್ತಾರೆ.

ಇನ್ನೊಂದು ಮಾತು. "ಚೆನ್ನಾಗಿ ತೊಳೆದೆ" ಅಂದ್ರೆ ಗುಂಡಿನಿಂದ ಬ್ಯಾರೆಲ್ಲಿಗೆ ಅಂಟಿದ ತಾಮ್ರ ತೆಗೆಯೋ ದ್ರಾವಣ ಹಾಕಿದ್ರಾ, ಬರೀ ಎಣ್ಣೆನಾ? ಅಮೋನಿಯಾ ಇರೋ ದ್ರಾವಣ ಹಾಕಿದ್ರೆ ಬಟ್ಟೆ ಚೂರು ನೀಲಿಯಾಗಿ ಬರುತ್ತೆ, ಆ ನೀಲಿ ನಿಲ್ಲೋವರೆಗೂ ತೊಳೀಬೇಕು. ಕಡ್ಡಿಯ ತುದಿ ಹಿತ್ತಾಳೆದಾದ್ರೆ ನೀಲಿ ನಿಲ್ಲೋದೇ ಇಲ್ಲ, ದ್ರಾವಣ ಕಡ್ಡಿಯನ್ನೇ ತಿಂತಿರುತ್ತೆ! ನಾನು ಒಂದು ಭಾನುವಾರ ಪೂರ್ತಿ ಹಾಗೆ ಕಳೆದಿದೀನಿ.

ಹಳೇಮರ:
ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ತಾಮ್ರದ ದ್ರಾವಣ ಹಾಕಿದ್ದೆ, ಎರಡನೇ ದಿನಕ್ಕೆ ನೀಲಿ ನಿಂತಿತು. ಆಮೇಲೆ ಹತ್ತು ಗುಂಡು ಹಾರಿಸಿದೆ, ಅದೇ ಎರಡು ಗುಂಪು.

ಒಂದೇಗುಂಡು:
ತಪ್ಪು ತಿಳೀಬೇಡಿ, ಹೊಡೆಯೋರದ್ದೇ ದೋಷ ಇರಬಹುದಲ್ವಾ? .30-06 ಭುಜಕ್ಕೆ ಜೋರಾಗಿ ಒದೆಯುತ್ತೆ. ಗೊತ್ತಿಲ್ಲದ ಹಾಗೆ ಕಣ್ಣು ಮುಚ್ಚಿ ಕುದುರೆ (ಟ್ರಿಗರ್) ಕಿತ್ತು ಎಳೆದುಬಿಡ್ತೀವಿ. ಜೊತೆಗಾರರಿಗೆ ಹೇಳಿ ಮ್ಯಾಗಜೀನಿನಲ್ಲಿ ಮಧ್ಯೆ ಎಲ್ಲೋ ಒಂದು ಡಮ್ಮಿ ತೋಟಾ ಸೇರಿಸಿಡಿಸಿ. ಅದು ಬಂದಾಗ ಬರೀ ಟಿಕ್ ಅನ್ನುತ್ತಲ್ಲ, ಆಗ ಬ್ಯಾರೆಲ್ ತುದಿ ಜಗ್ಗಿದ್ರೆ ಕಾಯಿಲೆ ನಿಮ್ಮದೇ.

ಹಳೇಮರ:
ನನಗೂ ಇದೇ ಅನುಮಾನ ಇತ್ತು. ಮೊನ್ನೆ ಗೆಳೆಯನ .308 ರೈಫಲ್ ಇಸ್ಕೊಂಡು ಅದೇ ಮೇಜಿನ ಮೇಲಿಂದ ಹೊಡೆದೆ, ಐದು ಗುಂಡು 32 ಮಿ.ಮೀ. ಅವನು ನನ್ನ ರೈಫಲ್ ಹೊಡೆದ, 105 ಮಿ.ಮೀ., ಎರಡು ಗುಂಪು. ಮಾನ ಉಳೀತು, ರೈಫಲ್ ಉಳೀಲಿಲ್ಲ.

ನಿಧಾನಿ:
ಈಗ ಬಂದು ಎಲ್ಲಾ ಓದಿದೆ. ಅದಲುಬದಲು ಮಾಡಿ ಹೊಡೆದಿರಲ್ಲ, ಈ ದಾರದಲ್ಲಿ (ಚರ್ಚೆಯಲ್ಲಿ) ಆಗಿರೋ ಅತ್ಯಂತ ಉಪಯೋಗದ ಕೆಲಸ ಅದೇ.

ಗುಂಪಿನ ಆಕಾರ ನೋಡಿ. ಮೇಲಿಂದ ಕೆಳಗೆ ಒಂದು ಗೆರೆಯಾಗಿ ಹರಡಿದ್ರೆ ಮೊದಲು ಬ್ಯಾರೆಲ್ ಬಿಸಿ ಅಥವಾ ತೋಟಾದಿಂದ ತೋಟಾಕ್ಕೆ ವೇಗದ ವ್ಯತ್ಯಾಸ ನೋಡ್ತೀನಿ. ಎಡಬಲಕ್ಕೆ ಹರಡಿದ್ರೆ ಗಾಳಿ, ಬೆರಳು. ದುಂಡಗೆ ಚೆಲ್ಲಿದ್ರೆ ಬ್ಯಾರೆಲ್ ಅಥವಾ ತೋಟಾ. ಹೀಗೆ ಎರಡು ಬಿಗಿ ಗುಂಪು ಬಂದ್ರೆ ಏನೋ ಒಂದು ಎರಡು ಜಾಗದಲ್ಲಿ ಕೂರ್ತಿದೆ. ಒಂದು ಗುಂಡಿಗೆ ಇಲ್ಲಿ, ಇನ್ನೊಂದಕ್ಕೆ ಅಲ್ಲಿ. ಅದು ಸ್ಕೋಪ್ ಆಗಬಹುದು, ಇಲ್ಲಾ ಸ್ಟಾಕಿನೊಳಗೆ ಆಕ್ಷನ್ ಆಗಬಹುದು. ಸ್ಕೋಪ್ ಬದಲಾಯಿಸಿದ್ದಾಯ್ತು.

ಒಂದು ಪ್ರಶ್ನೆ ಯಾರೂ ಕೇಳಿಲ್ಲ. ಇದು ಶುರುವಾಗೋಕೆ ಮುಂಚೆ ರೈಫಲ್‌ಗೆ ಏನು ಮಾಡಿದ್ರಿ? ಏನೂ ಮಾಡಿಲ್ಲ ಅನ್ನಬೇಡಿ.

ಹಳೇಮರ:
ಹ್ಞಾಂ. ಸ್ಟಾಕ್ ಪಾಲಿಶ್ ಮಾಡಿಸಿಲ್ಲ, ನಾನೇ ಮಾಡಿದೆ. ಹಳೇ ವಾರ್ನಿಷ್ ಎಬ್ಬಿಸಿ, ಉಪ್ಪುಕಾಗದ ಹೊಡೆದು, ಅಗಸೆ ಎಣ್ಣೆ ಕುಡಿಸಿದೆ. ಹೊರಗಡೆ ಕೆಲಸ ಅಂತ ಹೇಳಲಿಲ್ಲ. ಬ್ಯಾರೆಲ್ ಕೂರೋ ಕಾಲುವೆ ಸ್ವಲ್ಪ ಉಜ್ಜಿದೆ, ಆದರೆ ಅದು ಒಳ್ಳೇದೇ ಆಗಿದೆ, ಈಗ ಕಾಗದದ ಚೂರು ಬ್ಯಾರೆಲ್ ಅಡಿಯಿಂದ ಆಕ್ಷನ್‌ವರೆಗೂ ಸರಾಗ ಹೋಗುತ್ತೆ.

ನಿಧಾನಿ:
ಒಳಗಡೆ ಇನ್ನೆಲ್ಲಿ ಉಜ್ಜಿದ್ರಿ?

ಹಳೇಮರ:
ಮ್ಯಾಗಜೀನ್ ಮುಚ್ಚಳದ ಚೌಕಟ್ಟು ಕೂರೋ ಕಡೆ ಮರ ಎಣ್ಣೆ ಕುಡಿದು ಕಪ್ಪಗೆ, ಮೆತ್ತಗೆ ಆಗಿತ್ತು. ಅದನ್ನು ಕೆರೆದು ಗಟ್ಟಿ ಮರ ಬರೋವರೆಗೆ ತೆಗೆದೆ. ಜಾಸ್ತಿ ಏನಿಲ್ಲ, ಉಗುರಿನ ದಪ್ಪ.

ನಿಧಾನಿ:
ಸಿಕ್ಕಿತು ಅನ್ಸುತ್ತೆ. ಆದರೂ ಪರೀಕ್ಷೆ ಮಾಡಿಯೇ ಒಪ್ಪೋಣ.

ಆ ಜಾಗದ ಲೆಕ್ಕ ಹೀಗಿದೆ. ಮೇಲೆ ಆಕ್ಷನ್, ಕೆಳಗೆ ಚೌಕಟ್ಟು, ಮಧ್ಯೆ ಮರ. ಸ್ಕ್ರೂ ಕೆಳಗಿನಿಂದ ಮೇಲಕ್ಕೆ ಹೋಗಿ ಈ ಮೂರನ್ನೂ ಸ್ಯಾಂಡ್‌ವಿಚ್ ಹಾಗೆ ಹಿಡಿಯುತ್ತೆ. ನಿಮ್ಮ ಥರದ ರೈಫಲ್‌ನಲ್ಲಿ ಮ್ಯಾಗಜೀನ್ ಪೆಟ್ಟಿಗೆ ಬೇರೆ ತಗಡು, ಮರದ ಕಿಂಡಿಯಲ್ಲಿ ನಿಂತಿರುತ್ತೆ. ಅದರ ಎತ್ತರ ಮರಕ್ಕಿಂತ ಚೂರು ಕಮ್ಮಿ ಇರಬೇಕು. ನೀವು ಮರ ತೆಗೆದ ಮೇಲೆ ಮರಕ್ಕಿಂತ ಪೆಟ್ಟಿಗೆಯೇ ಎತ್ತರ ಆಗಿದೆ. ಈಗ ಸ್ಕ್ರೂ ಬಿಗಿದ್ರೆ ಅದು ಹಿಡಿಯೋದು ತಗಡಿನ ಪೆಟ್ಟಿಗೆಯನ್ನ. ಟಾರ್ಕ್ ಡ್ರೈವರ್ 5 ತೋರಿಸುತ್ತೆ, ಸುಳ್ಳೇನೂ ಹೇಳ್ತಿಲ್ಲ. ಸ್ಕ್ರೂ ಬಿಗಿಯಾಗಿದೆ, ಏನನ್ನು ಬಿಗಿದಿದೆ ಅಂತ ಅದಕ್ಕೆ ಹೇಳೋಕೆ ಬರಲ್ಲ. ಆಕ್ಷನ್ ಮಾತ್ರ ಪೆಟ್ಟಿಗೆಯ ಅಂಚಿನ ಮೇಲೆ ತಕ್ಕಡಿ ಹಾಗೆ ಕೂತಿರುತ್ತೆ. ಒಂದೊಂದು ಸಲ ಒದ್ದಾಗ ಒಂದೊಂದು ಕಡೆ ವಾಲುತ್ತೆ.

ಮೊದಲು ಚೇಂಬರ್ (ಬ್ಯಾರೆಲ್ ಹಿಂದೆ ತೋಟಾ ಕೂರೋ ಜಾಗ), ಮ್ಯಾಗಜೀನ್ ಎರಡೂ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ, ಬೋಲ್ಟ್ ಹೊರಗೆ ತೆಗೆದಿಡಿ. ಸ್ಕ್ರೂ ಎರಡೂ ಬಿಗಿ ಇರಲಿ. ಕೆಳಗಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಪಕ್ಕಕ್ಕೆ ಮಾಡಿ, ಪೆಟ್ಟಿಗೆಯನ್ನು ಬೆರಳಲ್ಲಿ ಅಲ್ಲಾಡಿಸಿ. ಚೂರು ಗಡಗಡ ಅನ್ನಬೇಕು.

ಆಮೇಲೆ ಎರಡನೇದು. ರೈಫಲ್ ನೆಟ್ಟಗೆ ನಿಲ್ಲಿಸಿ, ಹಿಂಭಾಗ ನೆಲಕ್ಕೆ. ಸ್ಟಾಕಿನ ಮುಂತುದಿಯಲ್ಲಿ ಮರ ಮತ್ತು ಬ್ಯಾರೆಲ್ ಎರಡನ್ನೂ ಮುಟ್ಟೋ ಹಾಗೆ ಒಂದು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಮುಂದಿನ ಸ್ಕ್ರೂ ಸಡಿಲಿಸಿ, ಮತ್ತೆ ಬಿಗೀರಿ. ಬ್ಯಾರೆಲ್ ಸರಿದಾಡೋದು ಬೆರಳಿಗೆ ಗೊತ್ತಾಗಬಾರದು. ಗೊತ್ತಾದ್ರೆ ಆಕ್ಷನ್ ಸರಿಯಾಗಿ ಕೂತಿಲ್ಲ.

ಬಿರುಗಾಳಿ:
ಕಾಗದದ ಪರೀಕ್ಷೆ ಪಾಸಾಗಿದೆಯಲ್ಲ ನಿಧಾನಿ ಸರ್?

ನಿಧಾನಿ:
ಕಾಗದ ಹೇಳೋದು ಬ್ಯಾರೆಲ್ ಮರಕ್ಕೆ ತಾಗ್ತಿಲ್ಲ ಅಂತ ಮಾತ್ರ. ಹಿಂದೆ ಆಕ್ಷನ್ ಹೇಗೆ ಕೂತಿದೆ ಅಂತ ಕಾಗದಕ್ಕೇನು ಗೊತ್ತು? ಮತ್ತೆ ಆ ಪರೀಕ್ಷೆನೂ ರೈಫಲ್ಲನ್ನು ಮರಳುಚೀಲದ ಮೇಲೆ ಹೊಡೆಯೋ ಹಾಗೇ ಇಟ್ಟು ಮಾಡಬೇಕು. ತೆಳು ಸ್ಟಾಕ್ ಭಾರಕ್ಕೆ ಬಾಗಿ ಬ್ಯಾರೆಲ್‌ಗೆ ತಾಗೋದುಂಟು.

ಹಳೇಮರ:
ನಿಧಾನಿ ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಪೆಟ್ಟಿಗೆ ಬೆಸುಗೆ ಹಾಕಿದ ಹಾಗೆ ನಿಂತಿದೆ, ಕೂದಲೆಳೆಯಷ್ಟೂ ಅಲ್ಲಾಡಲ್ಲ. ಬೆರಳಿಟ್ಟು ಸ್ಕ್ರೂ ಸಡಿಲಿಸಿದೆ, ಬ್ಯಾರೆಲ್ ತುಳುಕಿದ ಹಾಗೆ ಮೇಲಕ್ಕೆ ಬಂತು. ಎರಡು ಸಲ ಮಾಡಿದೆ, ನಂಬಿಕೆ ಬರಲಿಲ್ಲ, ಮನೆಯವರನ್ನ ಕರೆದು ಅವರ ಬೆರಳೂ ಇಡಿಸಿದೆ. ಈಗ ಮರ ತುಂಬಿಸಲಾ, ಪೆಟ್ಟಿಗೆ ಉಜ್ಜಲಾ?

ಅರದಪುಡಿ:
ಇದು ನನ್ನ ಇಲಾಖೆ. ಸದ್ಯಕ್ಕೆ ಪೆಟ್ಟಿಗೆ. ದೀಪದ ಮಸಿಯನ್ನು ಪೆಟ್ಟಿಗೆಯ ಮೇಲಂಚಿಗೆ ಹಿಡಿಸಿ, ಜೋಡಿಸಿ, ಸ್ಕ್ರೂ ಬಿಗಿದು, ಬಿಚ್ಚಿ ನೋಡಿ. ಆಕ್ಷನ್ನಿನ ತಳದಲ್ಲಿ ಎಲ್ಲೆಲ್ಲಿ ಕಪ್ಪು ಗೆರೆ ಬಿತ್ತೋ ಅಲ್ಲೆಲ್ಲ ಒತ್ತುತ್ತಿದೆ. ನುಣುಪು ಅರದಲ್ಲಿ ಪೆಟ್ಟಿಗೆಯ ಅಂಚು ಮಾತ್ರ ಉಜ್ಜಿ, ಆಕ್ಷನ್ ಕಡೆ ಅರ ತರಲೇಬೇಡಿ. ಸ್ವಲ್ಪ ಉಜ್ಜು, ಮಸಿ ಹಚ್ಚು, ಜೋಡಿಸು, ನೋಡು. ಪೆಟ್ಟಿಗೆಗೆ ಅರ್ಧದಿಂದ ಒಂದು ಮಿ.ಮೀ. ಅಲ್ಲಾಡೋಕೆ ಜಾಗ ಬಂದ್ರೆ ನಿಲ್ಲಿಸಿ. ಜಾಸ್ತಿ ತೆಗೆದ್ರೆ ತೋಟಾ ಒಳಗೆ ಅಡ್ಡ ಸಿಕ್ಕಿಕೊಳ್ಳುತ್ತೆ. ಅಂಚಿನ ಮುಳ್ಳು ಉಪ್ಪುಕಾಗದದಲ್ಲಿ ತೆಗೀರಿ, ಡಮ್ಮಿ ತೋಟಾ ಐದಾರು ಸಲ ಓಡಿಸಿ ನೋಡಿ.

ಸಾವಕಾಶವಾಗಿ ಮಾಡೋ ಕೆಲಸ ಇನ್ನೊಂದಿದೆ. ಎರಡೂ ಸ್ಕ್ರೂ ಸುತ್ತ ಅಲ್ಯೂಮಿನಿಯಂ ಕೊಳವೆ ನೆಟ್ಟು, ಆಕ್ಷನ್ ಅಡಿಗೆ ಎಪಾಕ್ಸಿ (ಕಲ್ಲಿನ ಹಾಗೆ ಗಟ್ಟಿಯಾಗೋ ಅಂಟು) ಹಾಸು ಹಾಕಿ. ಆಮೇಲೆ ಮರ ಕುಗ್ಗಲಿ, ಉಬ್ಬಲಿ, ಸ್ಕ್ರೂ ಹಿಡಿಯೋದು ಲೋಹವನ್ನ. ಹೊಸ ಉಪಾಯ ಏನಲ್ಲ, 1898ರ ಜರ್ಮನ್ ರೈಫಲ್ ಮೌಸರ್‌ನಲ್ಲೇ ಹಿಂದಿನ ಸ್ಕ್ರೂಗೆ ಕೊಳವೆ ಕೊಟ್ಟಿದ್ರು. ಎಪಾಕ್ಸಿ ಹಾಕೋಕೆ ಮುಂಚೆ ಲೋಹಕ್ಕೆಲ್ಲ ಅಂಟದ ಮೇಣ ಹಚ್ಚಿ. ಸ್ಕ್ರೂವಿನ ಸುತ್ತುಗೆರೆಗೂ ಹಚ್ಚಿ. ನಾನು ಒಂದು ಸಲ ಮರೆತು, ರೈಫಲ್ಲನ್ನು ರಾತ್ರಿಯಿಡೀ ಫ್ರೀಜರಿನಲ್ಲಿ ಮಲಗಿಸಿ ಬಿಡಿಸಿದೀನಿ.

ಹಳೇಮರ:
ಮಸಿ ಹಚ್ಚಿ ನೋಡಿದೆ. ಮುಂದಿನ ಅಂಚು ಪೂರ್ತಿ, ಹಿಂದಿನ ಎಡ ಮೂಲೆ ಒಂದು ಚುಕ್ಕೆ. ಮೂರು ಮೂಲೆ ಮುಟ್ಟೋ ಕುರ್ಚಿ ಕುಂಟೋ ಹಾಗೆ! ಆರು ಸಲ ಉಜ್ಜಿ ಜೋಡಿಸಿದ ಮೇಲೆ ಏಳನೇ ಸಲ ಪೆಟ್ಟಿಗೆ ಗಡಗಡ ಅಂತು. ಆ ಸದ್ದು ಕೇಳಿ ಇಷ್ಟು ಖುಷಿಯಾಗುತ್ತೆ ಅಂದ್ಕೊಂಡಿರಲಿಲ್ಲ. ಬೆರಳಿಟ್ಟು ಸ್ಕ್ರೂ ಸಡಿಲಿಸಿದ್ರೆ ಬ್ಯಾರೆಲ್ ಅಲುಗಲ್ಲ.

ಬೆಳಗ್ಗೆ ಹೊಡೆದೆ. ಮೊದಲನೇ ವಿಷಯ, ಗುಂಡು ಬೀಳೋ ಜಾಗವೇ 60 ಮಿ.ಮೀ. ಕೆಳಕ್ಕೆ ಹೋಗಿದೆ, ಸ್ಕೋಪ್ ಮತ್ತೆ ಹೊಂದಿಸಿದೆ. ಎರಡು ಗುಂಪು ಹೋಯ್ತು. ಆದರೆ ಐದು ಗುಂಡು 62 ಮಿ.ಮೀ., ನಾಲ್ಕನೇದು ಐದನೇದು ಮೇಲಕ್ಕೆ ಹತ್ತುತ್ತಿವೆ. ಮತ್ತೆ ಏನು?

ಒಂದೇಗುಂಡು:
ಐದು ಗುಂಡಿಗೆ ಎಷ್ಟು ಹೊತ್ತು ತಗೊಂಡ್ರಿ?

ಹಳೇಮರ:
ಮೂರು ನಿಮಿಷ ಇರಬಹುದು. ಅವಸರ ಇತ್ತು, ನೋಡೋ ಆಸೆ.

ಒಂದೇಗುಂಡು:
ತೆಳು ಬ್ಯಾರೆಲ್ ಕೈಲಿ ಹಿಡಿಯೋಕಾಗದಷ್ಟು ಕಾದಿರುತ್ತೆ. ಬೋಲ್ಟ್ ತೆರೆದಿಟ್ಟು, ಮುಟ್ಟಿದ್ರೆ ತಣ್ಣಗಿರೋವರೆಗೆ ಕಾದು ಮುಂದಿನದು ಹೊಡೀರಿ. ಬೇಟೆ ರೈಫಲ್‌ನ ಲೆಕ್ಕ ನಿಂತಿರೋದು ತಣ್ಣನೆ ಬ್ಯಾರೆಲ್‌ನ ಮೊದಲನೇ ಗುಂಡಿನ ಮೇಲೆ. ನಾನಾದ್ರೆ ಒಂದೇ ಗುರಿಕಾಗದ ಇಟ್ಟುಕೊಂಡು ದಿನಕ್ಕೆ ಒಂದೇ ಗುಂಡು ಅದರ ಮೇಲೆ ಹೊಡೀತೀನಿ, ಹೆಸರಿಗೆ ತಕ್ಕ ಹಾಗೆ.

ನಿಧಾನಿ:
ಒಂದು ಗ್ರೂಪ್ ನೋಡಿ ಖುಷಿಯಾಗೋದೂ ಬೇಡ, ಬೇಜಾರಾಗೋದೂ ಬೇಡ. ಮೂರು ಗುಂಡಿನ ಗ್ರೂಪ್ ಅಂತೂ ಅದೃಷ್ಟದ ಆಟ. ಐದರದ್ದು ನಾಲ್ಕಾರು ಹೊಡೆದು ಒಟ್ಟಿಗೆ ನೋಡಿ.

ಹಳೇಮರ:
ಹೇಳಿದ ಹಾಗೆ ಮಾಡಿದೆ. ತಣಿಸಿ ತಣಿಸಿ ಹೊಡೆದ ನಾಲ್ಕು ಗ್ರೂಪ್: 38, 44, 35, 41. ದಿನಕ್ಕೊಂದು ಗುಂಡಿನ ಕಾಗದದ ಮೇಲೆ ಐದು ದಿನಕ್ಕೆ ಐದು ತೂತು, 37 ಮಿ.ಮೀ. ಈಗ ಆ ಕಾಗದ ಮೇಜಿನ ಮುಂದೆ ಅಂಟಿಸಿದೀನಿ. ಎಪಾಕ್ಸಿ ಕೆಲಸಕ್ಕೆ ಧೈರ್ಯ ಬಂದ ಮೇಲೆ ಬೇರೆ ದಾರ ತೆರೀತೀನಿ, ಅರದಪುಡಿ ಅಣ್ಣ ಹತ್ತಿರದಲ್ಲೇ ಇರಿ.

ಹಳೇ ಸ್ಕೋಪನ್ನೇ ವಾಪಸ್ ಹಾಕಿದೀನಿ, ಪಾಪ ಅದರದ್ದೇನೂ ತಪ್ಪಿರಲಿಲ್ಲ. ಹೊಸದು ಯಾಕೆ ತಂದ್ರಿ ಅಂತ ಮನೆಯವರು ಕೇಳ್ತಿದಾರೆ. ಅದಕ್ಕೆ ಯಾರ ಹತ್ರಾನಾದ್ರೂ ಪರಿಹಾರ ಇದ್ರೆ ಹೇಳಿ, ಈ ದಾರ ಇನ್ನೂ ಮುಚ್ಚಿಲ್ಲ.